ಹಬ್ಬದ ಹರ್ಷ ಅಡುಗೆಮನೆಗೂ ಬರಲಿ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಉಣಕಲ್ ಕೆರೆಯ ಕಡೆಯಿಂದ ಬೆಳಗಿನ ಜಾವ ಬೀಸುವ ಗಾಳಿ ತಣ್ಣಗಾಗುತ್ತದೆ. ಚಂದ್ರಮೌಳೇಶ್ವರ ಗುಡಿಯ ಸುತ್ತಲಿನ ಹಳೆಯ ಓಣಿಗಳಿಂದ ಹಿಡಿದು ಹುಬ್ಬಳ್ಳಿ-ಧಾರವಾಡ ರಸ್ತೆಯ ಇಕ್ಕೆಲಗಳ ಹೊಸ ಬಡಾವಣೆಗಳವರೆಗೆ ಅಲ್ಲೊಂದು ಇಲ್ಲೊಂದು ಮನೆಯ ಮುಂದೆ ಕಾಗದದ ನಕ್ಷತ್ರ ತೂಗಾಡತೊಡಗುತ್ತದೆ. ಮಂಗಳೂರಿನಲ್ಲೋ ಗೋವೆಯಲ್ಲೋ ಇರುವಂತೆ ಇಲ್ಲಿ ಬೀದಿಗೆ ಬೀದಿಯೇ ನಮ್ಮವರದಲ್ಲ. ಹತ್ತಾರು ಮನೆಗಳ ನಡುವೆ ಒಂದು ಕಥೋಲಿಕ ಮನೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆದ್ದರಿಂದಲೇ ಆ ಒಂದು ನಕ್ಷತ್ರದ ಮೇಲೆ ಇಡೀ ಓಣಿಯ ಮಕ್ಕಳ ಕಣ್ಣು. ನಕ್ಷತ್ರ ಏರಿತೆಂದರೆ ಮಕ್ಕಳಿಗೆ ಹಿಗ್ಗು, ಹಿರಿಯರಿಗೆ ಹಳೆಯ ನೆನಪು. ಆದರೆ ಆ ಮನೆಯ ಗೃಹಿಣಿಗೆ ಏನನ್ನಿಸುತ್ತದೆ ಎಂದು ನಾವು ಗಂಡಸರು ಎಂದಾದರೂ ವಿಚಾರಿಸಿದ್ದುಂಟೇ?

ನಾನಂತೂ ಇಪ್ಪತ್ತೇಳು ವರ್ಷ ವಿಚಾರಿಸಿರಲಿಲ್ಲ. ವಿಚಾರಿಸುವ ಪ್ರಸಂಗ ಹೇಗೆ ಬಂತೆಂಬುದನ್ನು ಹೇಳಿಯೇ ಈ ಅಂಕಣದ ಮಾತನ್ನು ಮುಂದುವರಿಸುತ್ತೇನೆ. ಮನೆಯ ಮಾತನ್ನು ಪತ್ರಿಕೆಯಲ್ಲಿ ಬರೆಯುವುದು ಸರಿಯೇ ಎಂಬ ಸಂಕೋಚ ನನಗಿತ್ತು. ಬರೆಯಲು ಹೇಳಿದವಳು ನನ್ನ ಪತ್ನಿಯೇ.

ನಮ್ಮ ಮನೆಯಲ್ಲಿ ಕ್ರಿಸ್ತಜಯಂತಿಗೆ ಒಂಬತ್ತು ಬಗೆಯ ತಿಂಡಿ ಆಗಲೇಬೇಕೆಂಬುದು ನನ್ನ ತಾಯಿಯ ಕಾಲದ ನಿಯಮ. ಕರಾವಳಿಯ ನಮ್ಮವರು ಇದಕ್ಕೆ ಕುಸ್ವಾರ್ ಎನ್ನುತ್ತಾರೆ. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ಚಕ್ಕಲಿ, ತುಕ್ಡಿ, ಎಳ್ಳುಂಡೆ, ರವೆ ಉಂಡೆ, ಕೊನೆಗೆ ಕೇಕು. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ದಿನ ಬೇಕು. ಹಿಟ್ಟು ನಾದಬೇಕು, ತೆಂಗಿನಕಾಯಿ ತುರಿಯಬೇಕು, ಕಿಡಿಯೊಗಳನ್ನು ಬಾಚಣಿಕೆಯ ಬೆನ್ನಿನ ಮೇಲೋ ಮುಳ್ಳುಚಮಚದ ಮೇಲೋ ಒಂದೊಂದಾಗಿ ಸುರುಳಿ ಸುತ್ತಬೇಕು. ಒಂದು ಕಿಲೋ ಮೈದಾಹಿಟ್ಟಿನಲ್ಲಿ ಅಂಥ ನೂರಾರು ಸುರುಳಿಗಳು. ನನ್ನ ತಾಯಿ ಇದನ್ನೆಲ್ಲ ಮಾಡುತ್ತಿದ್ದ ಕಾಲದಲ್ಲಿ ಮನೆಯಲ್ಲಿ ಇಬ್ಬರು ಅತ್ತಿಗೆಯರು, ಮದುವೆಯಾಗದ ಒಬ್ಬ ನಾದಿನಿ, ಮೇಲೆ ನಾವು ಆರು ಮಕ್ಕಳಿದ್ದೆವು. ನೆಲದ ಮೇಲೆ ಚಾಪೆ ಹಾಸಿ ಕುಳಿತರೆ ಅದೊಂದು ಕೂಟವೇ. ನನ್ನ ಪತ್ನಿ ಅದೇ ಒಂಬತ್ತನ್ನು ಮಾಡುತ್ತಿದ್ದುದು ಒಬ್ಬಳೇ, ಶಾಲೆಯ ಕೆಲಸ ಮುಗಿಸಿ ಬಂದು, ರಾತ್ರಿ ಹತ್ತರ ಮೇಲೆ. ಸಂಖ್ಯೆ ಉಳಿದುಕೊಂಡಿತ್ತು, ಕೈಗಳು ಉಳಿದಿರಲಿಲ್ಲ. ಈ ಲೆಕ್ಕ ನನಗೆ ಹೊಳೆಯಲಿಲ್ಲ.

ಕೆಲವು ವರ್ಷಗಳ ಹಿಂದಿನ ಡಿಸೆಂಬರ್ 24ರ ರಾತ್ರಿ. ಹತ್ತೂವರೆಗೆ ನಾವೆಲ್ಲ ಹೊಸ ಬಟ್ಟೆ ತೊಟ್ಟು ಮಧ್ಯರಾತ್ರಿಯ ಬಲಿಪೂಜೆಗೆ ಹೊರಟು ನಿಂತಿದ್ದೆವು. ಇವಳು ಅಡುಗೆಮನೆಯ ಬಾಗಿಲಿಗೆ ಬಂದು, "ನೀವು ಹೋಗಿಬರ್ರಿ. ನನಗ ಆಗೂದಿಲ್ಲ" ಎಂದಳು. ಗಡಿಬಿಡಿಯಲ್ಲಿ ನಾನು, "ಹಬ್ಬದ ದಿನಾ ಹಿಂಗಂದ್ರ ಹೆಂಗ?" ಎಂದು ಸಿಡುಕಿದೆ. ಹೋದೆವು. ಮಹಿಮಾಗೀತೆಯನ್ನು ನಾನು ಗಟ್ಟಿಯಾಗಿಯೇ ಹಾಡಿದೆ. ಎಲ್ಲರೂ "ಮನೆಯವರು ಎಲ್ಲಿ?" ಎಂದು ಕೇಳಿದರು, "ಸ್ವಲ್ಪ ಜ್ವರ" ಎಂದು ಸುಳ್ಳು ಹೇಳಿದೆ. ದೇವಾಲಯದ ಅಂಗಳದಲ್ಲಿಯೇ, ಗೋದಲಿಯ ಮುಂದೆ ನಿಂತು ಹೇಳಿದ ಸುಳ್ಳು. ಮನೆಗೆ ಬಂದಾಗ ಎರಡು ಗಂಟೆ. ಇವಳು ಅಡುಗೆಮನೆಯ ನೆಲದಲ್ಲಿ ಗೋಡೆಗೊರಗಿ ಕುಳಿತಲ್ಲೇ ನಿದ್ದೆ ಹೋಗಿದ್ದಳು. ಕೈಯ ಹಿಟ್ಟು ಒಣಗಿತ್ತು. ಪಕ್ಕದ ತಾಟಿನಲ್ಲಿ ಒತ್ತಿಟ್ಟ ಚಕ್ಕಲಿಗಳು ಎಣ್ಣೆ ಕಾಣದೆ ಹಾಗೆಯೇ ಉಳಿದಿದ್ದವು. ನನ್ನ ಕಿರಿಯ ಮಗಳು ಅವಳನ್ನು ಎಬ್ಬಿಸಲಿಲ್ಲ. ತನ್ನ ಹೊಸ ಶಾಲು ಹೊದಿಸಿ ಪಕ್ಕದಲ್ಲಿ ಕುಳಿತಳು.

ಮರುದಿನ ಊಟದ ಹೊತ್ತಿಗೆ ಬಂದ ನೆಂಟರು ಒಂಬತ್ತೂ ತಿಂಡಿಗಳನ್ನು ಮೆಚ್ಚಿಕೊಂಡರು.

ಇದನ್ನು ಓದುತ್ತಿರುವ ಅನೇಕ ಸೋದರಿಯರಿಗೆ ಇದರಲ್ಲಿ ಹೊಸತೇನೂ ಕಾಣಲಾರದು. ಹೊಸತು ಇದ್ದರೆ ಸೋದರರಿಗೆ. ಪ್ರಭು ಯೇಸುವಿನ ಜನನದ ಹಬ್ಬ ಸಮಾಧಾನದ ಹಬ್ಬವೆಂದು ನಾವು ಗಾಯನವೃಂದದಲ್ಲಿ ಹಾಡುತ್ತೇವೆ, ಶುಭಾಶಯ ಪತ್ರಗಳಲ್ಲಿ ಬರೆಯುತ್ತೇವೆ, ಈಗೀಗ ಮೊಬೈಲಿನಲ್ಲಿ ಒಂದೇ ಬಾರಿಗೆ ನೂರು ಮಂದಿಗೆ ಕಳುಹಿಸುತ್ತೇವೆ. ಆದರೆ ವರ್ಷದಲ್ಲಿ ಯಾವ ವಾರ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಧ್ವನಿ ಏರುತ್ತದೆ ಎಂದು ನಮ್ಮನ್ನು ನಾವೇ ಕೇಳಿಕೊಂಡರೆ, ಉತ್ತರ ಬಹುಶಃ ಡಿಸೆಂಬರಿನ ಮೂರನೆಯ ವಾರವೇ ಆಗಿರುತ್ತದೆ. ಬಟ್ಟೆಯ ಅಳತೆ ತಪ್ಪಿತೆಂದು, ಪೇಂಟು ಆಗಲಿಲ್ಲವೆಂದು, ಅಣ್ಣನ ಮನೆಗೆ ಮೊದಲು ಹೋಗಬೇಕೋ ಮಾವನ ಮನೆಗೋ ಎಂದು. ದುರ್ಗದಬೈಲಿನ ಗದ್ದಲದಿಂದ ಕೈಯಲ್ಲಿ ಚೀಲ, ಮುಖದಲ್ಲಿ ಗಂಟು ಹೊತ್ತು ಚಿಗರಿ ಬಸ್ಸಿನಲ್ಲಿ ಮರಳುವ ನಮ್ಮವರನ್ನು ನೋಡಿದರೆ ಇವರು ಹಬ್ಬಕ್ಕೆ ಸಿದ್ಧರಾಗುತ್ತಿದ್ದಾರೋ ಪರೀಕ್ಷೆಗೋ ಎಂಬ ಸಂಶಯ ಬರುತ್ತದೆ.

ಧರ್ಮಸಭೆ ಈ ನಾಲ್ಕು ವಾರಗಳಿಗೆ ಕೊಟ್ಟಿರುವ ಹೆಸರು ಆಗಮನ ಕಾಲ. ಅದು ಕಾಯುವ ಕಾಲ. ನಾವು ಅದನ್ನು ಓಡುವ ಕಾಲವನ್ನಾಗಿ ಮಾಡಿಕೊಂಡಿದ್ದೇವೆ. ಮೂರನೆಯ ಭಾನುವಾರ ಗುರುಗಳು ನೇರಳೆ ಬಣ್ಣವನ್ನು ಬಿಟ್ಟು ಗುಲಾಬಿ ಬಣ್ಣದ ಪೂಜಾವಸ್ತ್ರ ಧರಿಸುವುದನ್ನು ನೀವು ಕಂಡಿರಬಹುದು. ಲತೀನಿನಲ್ಲಿ ಆ ಭಾನುವಾರಕ್ಕೆ ಗೌದೆತೆ ಎಂದು ಹೆಸರು; ಹರ್ಷಪಡಿರಿ ಎಂದು ಅದರ ಅರ್ಥ. ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದ ಪತ್ರದಿಂದ ಆ ಮಾತು ಬಂದಿದೆ. ಆ ಪತ್ರ ಬರೆಯುವಾಗ ಪೌಲರು ಸೆರೆಯಲ್ಲಿದ್ದರೆಂಬುದು ಗಮನಿಸತಕ್ಕ ಸಂಗತಿ. ಹರ್ಷಪಡಲು ಮೊದಲು ಮನೆಗೆ ಸುಣ್ಣಬಣ್ಣ ಆಗಬೇಕೆಂದು ಅವರು ಹೇಳಿದಂತಿಲ್ಲ. ಈ ಭಾನುವಾರ ನಮ್ಮಲ್ಲಿ ಎಷ್ಟು ಮನೆಗಳ ತಾಯಂದಿರು ಬಲಿಪೂಜೆಯ ಅರ್ಧದಲ್ಲಿಯೇ ಒಲೆಯ ಮೇಲಿಟ್ಟ ಪಾಕದ ಚಿಂತೆ ಮಾಡುತ್ತಿರುತ್ತಾರೆ!

ಗೋದಲಿಯ ಮಾತೂ ಹಾಗೆಯೇ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಮೊದಲ ಗೋದಲಿಯನ್ನು ಏರ್ಪಡಿಸಿದ ಕಥೆಯನ್ನು ನಾವೆಲ್ಲ ಬಲ್ಲೆವು. 2023ರಲ್ಲಿ ಅದಕ್ಕೆ ಎಂಟುನೂರು ವರ್ಷ ತುಂಬಿತು. ಆದರೆ ಆ ಗೋದಲಿಯಲ್ಲಿ ಏನಿತ್ತು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಹಬ್ಬಕ್ಕೆ ಹದಿನೈದು ದಿನ ಮುಂಚೆ ಫ್ರಾನ್ಸಿಸರು ಆ ಊರಿನ ಯೊವಾನ್ನಿ ಎಂಬ ಗೃಹಸ್ಥನನ್ನು ಕರೆದು ಕೇಳಿದ್ದು ಮೂರೇ ವಸ್ತು: ಹುಲ್ಲು ತುಂಬಿದ ಒಂದು ಗೋದಲಿ, ಒಂದು ಎತ್ತು, ಒಂದು ಕತ್ತೆ. ಗೊಂಬೆಗಳಿರಲಿಲ್ಲ, ಮಿನುಗುವ ದೀಪಗಳಿರಲಿಲ್ಲ. ಊರಿನ ಜನ ಪಂಜು ಹಿಡಿದು ಬಂದರು. ಆ ಗೋದಲಿಯ ಬಳಿಯಲ್ಲಿ ಬಲಿಪೂಜೆ ನಡೆಯಿತು. ಪೋಪ್ ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊಗೆ ಹೋಗಿ ಗೋದಲಿಯ ಕುರಿತ ಪ್ರೇಷಿತ ಪತ್ರಕ್ಕೆ ಸಹಿ ಮಾಡಿದಾಗ, ಮನೆಮನೆಗಳಲ್ಲಿ ಅದನ್ನು ಕಟ್ಟುವ ಸಂಪ್ರದಾಯವನ್ನು ಬಿಡಬೇಡಿರೆಂದು ವಿಶ್ವಾಸಿಗಳನ್ನು ಹುರಿದುಂಬಿಸಿದರು. ತಂದೆ, ತಾಯಿ, ಮಕ್ಕಳು, ಅಜ್ಜ, ಅಜ್ಜಿ ಕೂಡಿ ಕಟ್ಟುವ ಕೆಲಸ ಅದು ಎಂಬುದು ಅವರ ಆಶಯ. ನಮ್ಮಲ್ಲಿ ಗೋದಲಿಗೆ ಸ್ಪರ್ಧೆ ಸೇರಿಕೊಂಡಿದೆ. ತೀರ್ಪುಗಾರರು ಬರುವ ಹೊತ್ತಿಗೆ ಜಲಪಾತದಲ್ಲಿ ನೀರು ಬೀಳಬೇಕು, ಸೇತುವೆಯ ಮೇಲೆ ರೈಲು ಓಡಬೇಕು. ಬೆತ್ಲೆಹೇಮಿನಲ್ಲಿ ರೈಲು ಎಲ್ಲಿತ್ತೆಂದು ಯಾರೂ ಕೇಳುವುದಿಲ್ಲ. ಹುಬ್ಬಳ್ಳಿಯವರಾದ ನಮಗೆ ರೈಲಿಲ್ಲದೆ ಯಾವುದೂ ಪೂರ್ಣವಾಗುವುದಿಲ್ಲವೆಂದು ಕಾಣುತ್ತದೆ! ಸ್ಪರ್ಧೆ ತಪ್ಪೆಂದು ನಾನು ಹೇಳಲಾರೆ. ಯುವಕರು ಒಂದಾಗಿ ದುಡಿಯುತ್ತಾರೆ, ಒಳ್ಳೆಯದು. ಆದರೆ ಬಹುಮಾನ ಬಾರದ ಮನೆಯಲ್ಲಿ ಹಬ್ಬದ ದಿನ ಮುಖ ಬಾಡುವುದನ್ನು ಕಂಡವನಾಗಿ, ಮನೆಯ ಗೋದಲಿಗೆ ಅಂಕ ಕೊಡುವ ಪದ್ಧತಿಯನ್ನು ನಿಲ್ಲಿಸಿದರೆ ನಷ್ಟವಿಲ್ಲವೆಂದು ವಿನಯದಿಂದ ಸೂಚಿಸುತ್ತೇನೆ.

ರೈಲಿನ ಮಾತು ಬಂದದ್ದು ಒಳ್ಳೆಯದೇ ಆಯಿತು. ಈ ಅವಳಿ ನಗರದ ಕಥೋಲಿಕ ಸಮುದಾಯದ ಬಹುಭಾಗ ಬಂದದ್ದೇ ಆ ಹಳಿಗಳ ಮೇಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರ ಹುಬ್ಬಳ್ಳಿಗೆ ಬಂದಾಗ ಗೋವೆಯಿಂದ, ತಮಿಳು ನಾಡಿನಿಂದ, ಆಂಧ್ರದಿಂದ ದುಡಿಯುವ ಕೈಗಳು ಬಂದವು. 1953ರಲ್ಲಿ ಗೋವೆಯ ಮಹಾಧರ್ಮಕ್ಷೇತ್ರದಿಂದ ಬೇರ್ಪಟ್ಟು ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾಯಿತು. 2003ರಿಂದ ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರಸ್ಥಾನ. ರೈಲು ಕ್ರಿಸ್ತಜಯಂತಿಯ ರಾತ್ರಿಯೂ ಓಡುತ್ತದೆ. ಆದ್ದರಿಂದ ರೈಲ್ವೆಯ ಮನೆಗಳಲ್ಲಿ, ಹಾಗೆಯೇ ದಾದಿಯರಿರುವ ಮನೆಗಳಲ್ಲಿ, 25ನೆಯ ತಾರೀಖಿನಂದು ಎಲ್ಲರೂ ಒಟ್ಟಿಗೆ ಊಟಕ್ಕೆ ಕೂಡುವುದು ದೈವಾನುಗ್ರಹವೇ ಸರಿ. ನಮ್ಮ ಓಣಿಯಲ್ಲಿಯೇ ಇರುವ ಒಬ್ಬ ಲೋಕೋ ಪೈಲಟರ ಮನೆಯಲ್ಲಿ ಅನೇಕ ವರ್ಷ ಹಬ್ಬದೂಟ 26ರಂದೋ 27ರಂದೋ ಆಗಿದೆ. ತಂದೆ ಗಾಡಿ ಬಿಟ್ಟು ಮನೆಗೆ ಬಂದ ಮೇಲೆಯೇ ಆ ಮನೆಯ ಬಾಲಯೇಸುವನ್ನು ಗೋದಲಿಯಲ್ಲಿ ಇಡುವುದು. ಮೊದಲು ನನಗಿದು ಅಯ್ಯೋ ಪಾಪ ಅನ್ನಿಸುತ್ತಿತ್ತು. ಈಗ ಅವರನ್ನು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚು.

ಏಕೆಂದರೆ ಆ ಮನೆಯವರು ತಿಳಿದೋ ತಿಳಿಯದೆಯೋ ಧರ್ಮಸಭೆಯ ಪಂಚಾಂಗವನ್ನು ನಮಗಿಂತ ಚೆನ್ನಾಗಿ ಪಾಲಿಸುತ್ತಿದ್ದಾರೆ. ಕ್ರಿಸ್ತಜಯಂತಿಯ ಕಾಲ 24ರ ಸಂಜೆ ಆರಂಭವಾಗುತ್ತದೆಯೇ ಹೊರತು ಮುಗಿಯುವುದಿಲ್ಲ. ಅಲ್ಲಿಂದ ಜನವರಿ 1ರವರೆಗೆ ಎಂಟು ದಿನಗಳನ್ನು ಒಂದೇ ಹಬ್ಬದ ದಿನವೆಂಬಂತೆ ಆಚರಿಸಲು ಧರ್ಮಸಭೆ ಹೇಳುತ್ತದೆ. ಆಮೇಲೆ ಮೂವರು ಜ್ಞಾನಿಗಳ ಹಬ್ಬ, ಅದರ ನಂತರ ಪ್ರಭುವಿನ ಸ್ನಾನದೀಕ್ಷೆಯ ಹಬ್ಬದೊಂದಿಗೆ ಈ ಕಾಲದ ಸಮಾಪ್ತಿ. ಅಂದರೆ ಸರಿಸುಮಾರು ಎರಡರಿಂದ ಎರಡೂವರೆ ವಾರ. ನಾವು ಏನು ಮಾಡುತ್ತೇವೆ? ಡಿಸೆಂಬರ್ 1ರಿಂದ ಹಬ್ಬ ಆರಂಭಿಸಿ, 25ರ ಸಂಜೆಗೆ ದಣಿದು ಬಿದ್ದು, 26ಕ್ಕೆ ನಕ್ಷತ್ರದ ತಂತಿ ಕಿತ್ತು, ಹೊಸ ವರ್ಷದ ಗದ್ದಲಕ್ಕೆ ಹೊರಳುತ್ತೇವೆ. ಕಾಯಬೇಕಾದಾಗ ಉಂಡು, ಉಣ್ಣಬೇಕಾದಾಗ ಮಲಗುವ ರೀತಿ ಇದು.

ಶುಭಸಂದೇಶದಲ್ಲಿಯೂ ಎಲ್ಲರೂ ಒಂದೇ ದಿನ ಬರಲಿಲ್ಲ. ಕುರುಬರು ಹತ್ತಿರದ ಬಯಲಿನಲ್ಲಿದ್ದರು, ಅದೇ ರಾತ್ರಿ ಬಂದರು. ಜ್ಞಾನಿಗಳು ದೂರದವರು, ತಡವಾಗಿ ಬಂದರು. ತಡವಾಗಿ ಬಂದಿರೆಂದು ಮರಿಯಮ್ಮನವರು ಮುನಿಸಿಕೊಂಡದ್ದು ಎಲ್ಲಿಯೂ ಬರೆದಿಲ್ಲ. ಆದರೆ ನಮ್ಮಲ್ಲಿ 25ರಂದೇ ಬರಲಿಲ್ಲವೆಂದು ತಂಗಿ ಅಣ್ಣನ ಮನೆಗೆ ವರ್ಷಗಟ್ಟಲೆ ಬಾರದಿರುವ ಉದಾಹರಣೆಗಳಿವೆ. ನೆಂಟರ ಮನೆಗಳನ್ನು ಈ ಎರಡು ವಾರಗಳಿಗೆ ಹಂಚಿಕೊಂಡರೆ, 25ನೆಯ ತಾರೀಖು ಬರೀ ಬಲಿಪೂಜೆಗೆ, ಮನೆಯವರಿಗೆ, ಮಧ್ಯಾಹ್ನದ ಒಂದು ನಿದ್ದೆಗೆ ಉಳಿಯುತ್ತದೆ. ನಾವು ಮೂರು ವರ್ಷಗಳಿಂದ ಹೀಗೆ ಮಾಡುತ್ತಿದ್ದೇವೆ. ಪವಿತ್ರ ಕುಟುಂಬದ ಹಬ್ಬದ ಭಾನುವಾರ ನನ್ನ ಕಡೆಯವರು, ಜ್ಞಾನಿಗಳ ಹಬ್ಬಕ್ಕೆ ಅವಳ ಕಡೆಯವರು. ಈ ಏರ್ಪಾಡಿನಿಂದ ನನ್ನ ಹಿರಿಯಕ್ಕನಿಗೆ ಬೇಸರವಾಗಿದೆ, ಇನ್ನೂ ಹೋಗಿಲ್ಲ. ಎಲ್ಲವೂ ಸುಸೂತ್ರವಾಯಿತೆಂದು ಹೇಳಿದರೆ ಮತ್ತೊಂದು ಸುಳ್ಳಾದೀತು.

ಪವಿತ್ರ ಕುಟುಂಬದ ಹಬ್ಬವೆಂದೆನಲ್ಲ, ಅದನ್ನು 1893ರಲ್ಲಿ ಪೋಪ್ ಹದಿಮೂರನೆಯ ಲಿಯೋ ಸ್ಥಾಪಿಸಿದರು. 1921ರಲ್ಲಿ ಪೋಪ್ ಹದಿನೈದನೆಯ ಬೆನೆಡಿಕ್ಟರು ಜಗತ್ತಿನ ಎಲ್ಲ ದೇವಾಲಯಗಳಿಗೆ ವಿಸ್ತರಿಸಿದರು. ಕಾರ್ಖಾನೆಗಳ ಕಾಲದಲ್ಲಿ ಕುಟುಂಬಗಳು ಚದುರುತ್ತಿದ್ದುದನ್ನು ಕಂಡ ಹಿರಿಯರು ಅವರು. ಮೂರು ವರ್ಷಕ್ಕೊಮ್ಮೆ ಆ ದಿನ ಓದುವ ಶುಭಸಂದೇಶ, ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲಿ ಹಿಂದುಳಿದು, ತಾಯಿತಂದೆ ಮೂರು ದಿನ ಹುಡುಕಿದ ಪ್ರಸಂಗ. ಹಬ್ಬಕ್ಕೆಂದು ಹೋದಲ್ಲಿಯೇ ಮಗ ತಪ್ಪಿಸಿಕೊಂಡದ್ದು! ಸಿಕ್ಕಾಗ ತಾಯಿ ಮಗನನ್ನು ಹೀಗೇಕೆ ಮಾಡಿದೆ ಎಂದು ಕೇಳಿಯೇ ಕೇಳಿದರು. ಪವಿತ್ರ ಕುಟುಂಬದಲ್ಲಿಯೂ ಕಳವಳವಿತ್ತು, ಪ್ರಶ್ನೆಯಿತ್ತು, ಅರ್ಥವಾಗದ ಉತ್ತರವಿತ್ತು. ಜೋಳಿಗೆಯಲ್ಲಿ ಜಗಳವೇ ಇಲ್ಲದ ಕುಟುಂಬವೆಂದರೆ ಪವಿತ್ರ ಕುಟುಂಬವೆಂದು ಭಾವಿಸಿ, ನಮ್ಮ ಮನೆ ಹಾಗಿಲ್ಲವಲ್ಲ ಎಂದು ಕೊರಗುವುದು ಅನಾವಶ್ಯಕ.

ಇನ್ನು ಸಂತ ಜೋಸೆಫರು. ನಾಲ್ಕೂ ಶುಭಸಂದೇಶಗಳಲ್ಲಿ ಅವರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಎದ್ದರು, ಕರೆದುಕೊಂಡು ಹೋದರು, ಮರಳಿ ಬಂದರು; ಇಷ್ಟೇ. ನಮ್ಮ ಮನೆಗಳ ಯಜಮಾನರ ವಿಷಯದಲ್ಲಿ ಇದು ತಿರುವುಮುರುವು. ಮಾತು ಬಹಳ, ಎದ್ದದ್ದು ಮಾತ್ರ ಚಹಾ ಬಂದಾಗ. ಹಬ್ಬದ ನೆಪದಲ್ಲಿ ಮಧ್ಯಾಹ್ನದಿಂದಲೇ ಬಾಟಲಿ ತೆರೆಯುವ ಯಜಮಾನರ ವಿಷಯವನ್ನು ನಾನು ಇಲ್ಲಿ ವಿಸ್ತರಿಸುವುದಿಲ್ಲ. ಆ ಮನೆಗಳ ಮಕ್ಕಳು ಹಬ್ಬ ಬರುತ್ತದೆಂದರೆ ಹೆದರುತ್ತಾರೆ. ಅಷ್ಟು ಹೇಳಿದರೆ ಸಾಕು.

ಹಣದ ಮಾತನ್ನು ಮಾತ್ರ ಸ್ವಲ್ಪ ವಿಸ್ತರಿಸಬೇಕು. ನಾಲ್ಕು ಮಂದಿಯ ಕುಟುಂಬಕ್ಕೆ ಹೊಸ ಬಟ್ಟೆ, ತಿಂಡಿ, ಮಾಂಸ, ದೀಪ, ಗಾಯನವೃಂದಗಳಿಗೆ ಕಾಣಿಕೆ, ಊರಿಗೆ ಹೋಗಿಬರುವ ಖರ್ಚು ಸೇರಿದರೆ ಸಾಮಾನ್ಯ ನೌಕರನ ಒಂದು ತಿಂಗಳ ಸಂಬಳ ಕರಗುತ್ತದೆ. ಕೂಲಿಯ ಮನೆಯವರು ಸಂಘದಿಂದಲೋ ಫೈನಾನ್ಸಿನಿಂದಲೋ ಸಾಲ ಎತ್ತುತ್ತಾರೆ. ವಾರದ ಕಂತು ಲೆಂಟ್ ಕಾಲದವರೆಗೂ ಬೆನ್ನು ಬಿಡುವುದಿಲ್ಲ. ಸಾಲ ವಸೂಲಿಯ ಕಿರುಕುಳ ತಾಳದೆ ಜನ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳು ರಾಜ್ಯದ ಅನೇಕ ಜಿಲ್ಲೆಗಳಿಂದ ಬಂದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಹಬ್ಬದ ಬಟ್ಟೆಗೆಂದು ತಂದ ಸಾಲವೂ ಆ ಲೆಕ್ಕದಲ್ಲಿಯೇ ಸೇರುತ್ತದೆ. ಹುಟ್ಟಿದಾಗ ಮೈಮೇಲೆ ಬಟ್ಟೆಯ ಪಟ್ಟಿಗಳಲ್ಲದೆ ಬೇರೇನೂ ಇಲ್ಲದ ಒಂದು ಮಗುವಿನ ಹೆಸರಿನಲ್ಲಿ ನಾವು ಸಾಲ ಮಾಡಿ ರೇಷ್ಮೆ ಉಡುತ್ತಿದ್ದೇವೆ. ದೇವಾಲಯಕ್ಕೆ ಕಳೆದ ವರ್ಷದ ಒಗೆದು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದವರನ್ನು ಮೇಲಿನಿಂದ ಕೆಳಗೆ ನೋಡುವ ನಮ್ಮ ಕಣ್ಣೂ ಆ ಸಾಲಕ್ಕೆ ಜಾಮೀನು. ನನಗೆ ತಿಳಿದ ಒಂದು ಮನೆಯಲ್ಲಿ ತಾಯಿ ಪ್ರತಿ ತಿಂಗಳೂ ಒಂದಿಷ್ಟು ರೂಪಾಯಿಗಳನ್ನು ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕುತ್ತಾ ಬರುತ್ತಾರೆ. ಆಗಮನ ಕಾಲದ ಮೊದಲ ಭಾನುವಾರ ಎಲ್ಲರ ಎದುರಿಗೆ ಅದನ್ನು ಎಣಿಸುತ್ತಾರೆ. ಎಷ್ಟಿದೆಯೋ ಅಷ್ಟೇ ಹಬ್ಬ. ಒಂದು ವರ್ಷ ಆ ಮನೆಯಲ್ಲಿ ಚಿಕ್ಕವರಿಬ್ಬರಿಗೆ ಮಾತ್ರ ಹೊಸ ಬಟ್ಟೆ ಬಂತು. ದೊಡ್ಡ ಮಗ ಅಂದು ಹಳೆಯ ಅಂಗಿಯಲ್ಲಿಯೇ ಪೂಜೆಗೆ ಸೇವೆ ಮಾಡಿದ. ಅದರ ಮೇಲೆ ಪೂಜಾಸೇವಕರ ಬಿಳಿ ನಿಲುವಂಗಿ ಬರುವುದರಿಂದ ಯಾರಿಗೆ ಏನು ಕಂಡೀತು?

ಎಲ್ಲ ಮನೆಗಳ ಕಷ್ಟ ಹೆಚ್ಚು ಕೆಲಸದ ಕಷ್ಟವಲ್ಲ. ಕೆಲವು ಮನೆಗಳಲ್ಲಿ ಮಾಡಲು ಯಾರೂ ಇಲ್ಲದ ಕಷ್ಟ. ಮಗ ದುಬೈಯಲ್ಲಿ, ಮಗಳು ಬೆಂಗಳೂರಿನಲ್ಲಿ, ಇಲ್ಲಿ ಎರಡು ಹಿರಿಯ ಜೀವಗಳು. ಅವರಿಗೆ ಹಬ್ಬದ ದಿನದಷ್ಟು ಉದ್ದದ ದಿನ ಬೇರೊಂದಿಲ್ಲ. ಆ ವರ್ಷ ಸಾವು ಕಂಡ ಮನೆಯ ಸಂಗತಿಯೂ ಇದೆ. ನಮ್ಮ ಅನೇಕ ಕುಟುಂಬಗಳಲ್ಲಿ ಅಂಥ ಮನೆಯವರು ಆ ವರ್ಷ ಒಲೆಯ ಮೇಲೆ ಎಣ್ಣೆ ಇಡುವುದಿಲ್ಲ, ನಕ್ಷತ್ರ ತೂಗುವುದಿಲ್ಲ. ನೆರೆಯವರೇ ತಿಂಡಿಯ ತಾಟು ಕಳುಹಿಸುತ್ತಾರೆ. ಇದೊಂದು ಸುಂದರ ಪದ್ಧತಿ. ಆದರೆ ಈಗ ತಾಟು ಬರುತ್ತದೆ, ತಂದವರು ಹೊಸ್ತಿಲಲ್ಲೇ ನಿಂತು ಮರಳುತ್ತಾರೆ. ಸತ್ತವರ ಹೆಸರನ್ನು ಎತ್ತಿದರೆ ಎಲ್ಲಿ ಅಳುತ್ತಾರೋ ಎಂಬ ಅಂಜಿಕೆ. ನನ್ನ ತಾಯಿ ತೀರಿಕೊಂಡ ವರ್ಷ ಬಂದವರಲ್ಲಿ ಒಬ್ಬರು ಮಾತ್ರ ಒಳಗೆ ಬಂದು ಕುಳಿತರು. ನಮ್ಮ ಪಕ್ಕದ ಮನೆಯ ಹಿರಿಯ ಲಿಂಗಾಯತ ತಾಯಿ. "ನಿಮ್ಮವ್ವಾರ ಕರ್ಚಿಕಾಯಿಗೆ ಗಸಗಸಿ ಭಾಳ ಹಾಕ್ತಿದ್ರು ನೋಡ್ರಿ" ಎಂದರು. ನಾನು ಅತ್ತೆ. ಆ ಹಬ್ಬದಲ್ಲಿ ನನಗೆ ಹಗುರವಾದ ಗಳಿಗೆ ಅದೊಂದೇ.

ನಾವು ನೆವ್ರಿ ಎನ್ನುವುದನ್ನು ಈ ನಾಡಿನವರು ಕರ್ಚಿಕಾಯಿ ಎನ್ನುತ್ತಾರೆ, ನಮ್ಮ ತುಕ್ಡಿ ಇಲ್ಲಿ ಶಂಕರಪಾಳಿ. ದೀಪಾವಳಿಗೆ ಅವರ ಮನೆಯ ತಾಟು ನಮ್ಮ ಮನೆಗೆ, ಕ್ರಿಸ್ತಜಯಂತಿಗೆ ನಮ್ಮದು ಅವರ ಮನೆಗೆ, ಈದಿಗೆ ಆಚೆ ಮನೆಯಿಂದ ಶೀರಕುರ್ಮಾ. ಬಂದ ತಾಟನ್ನು ಖಾಲಿ ಮರಳಿಸಬಾರದೆಂಬುದು ಓಣಿಯ ರೂಢಿ. ಡಿಸೆಂಬರ್ ಹೊತ್ತಿಗೋ ಜನವರಿಯ ಆರಂಭಕ್ಕೋ ಬರುವ ಎಳ್ಳಮಾವಾಸ್ಯೆಗೆ ಹೊಲವಿರುವ ನೆರೆಯವರು ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಹೊಲದಲ್ಲಿ ಚರಗ ಚೆಲ್ಲಿ, ಬೆಳೆಯ ನಡುವೆ ಎಲ್ಲರೂ ಕುಳಿತು ಉಣ್ಣುತ್ತಾರೆ. ಒಮ್ಮೆ ನಮ್ಮನ್ನೂ ಕರೆದಿದ್ದರು. ಅಡುಗೆ ಮಾಡಿದ ಹೆಂಗಸರೂ ಅಂದು ಎಲ್ಲರ ಜೊತೆಗೇ ಕುಳಿತು ಉಂಡದ್ದನ್ನು ನನ್ನ ಪತ್ನಿ ಮನೆಗೆ ಬಂದ ಮೇಲೆ ಎರಡು ಬಾರಿ ಹೇಳಿದಳು. ಎರಡನೆಯ ಬಾರಿ ಹೇಳಿದಾಗಲೇ ನನಗೆ ಅದು ತಾಗಿದ್ದು.

ಬೆಥಾನಿಯದ ಮಾರ್ತಾಳ ಕಥೆಯನ್ನು ಇಂಥ ಸಂದರ್ಭದಲ್ಲಿ ಪ್ರವಚನಕಾರರು ಎತ್ತಿಕೊಳ್ಳುವುದುಂಟು. ಮಾರ್ತಾ ಅಡುಗೆಯ ಗಡಿಬಿಡಿಯಲ್ಲಿ ಮುಳುಗಿದಳು, ಮರಿಯಳು ಪ್ರಭುವಿನ ಪಾದದ ಬಳಿ ಕುಳಿತಳು, ಆದ್ದರಿಂದ ಸೋದರಿಯರೇ ಗಡಿಬಿಡಿ ಬಿಡಿರಿ ಎಂದು. ಕೇಳಲು ಚೆಂದ. ಆದರೆ ಮಾರ್ತಾ ಬಂದು ದೂರಿದ್ದು ತನ್ನೊಬ್ಬಳ ಮೇಲೆಯೇ ಕೆಲಸ ಬಿತ್ತೆಂದು. ಆ ಮಾತನ್ನು ನಾವು ಬೇಗ ದಾಟಿಬಿಡುತ್ತೇವೆ. ಕೆಲಸವನ್ನು ಕಡಿಮೆ ಮಾಡದೆ, ಹಂಚಿಕೊಳ್ಳದೆ, ಸುಮ್ಮನೆ ಚಿಂತೆ ಬಿಡು ಎಂದು ಹೇಳುವುದು ಉಪದೇಶವಾದೀತೇ ಹೊರತು ಉಪಕಾರವಾಗದು.

ನಾವು ಏನು ಮಾಡಿದೆವೆಂಬುದನ್ನು ಹೇಳುತ್ತೇನೆ. ಆ ಹಬ್ಬದ ಮುಂದಿನ ವರ್ಷ ಆಗಮನ ಕಾಲದ ಮೊದಲ ಭಾನುವಾರ ಪೂಜೆ ಮುಗಿಸಿ ಬಂದು ಐವರೂ ಕುಳಿತೆವು. ಒಂಬತ್ತರಲ್ಲಿ ಯಾವುದಿಲ್ಲದಿದ್ದರೆ ನಿಮಗೆ ಹಬ್ಬವಲ್ಲ ಎಂದು ಇವಳು ಒಬ್ಬೊಬ್ಬರನ್ನೂ ಕೇಳಿದಳು. ಮಗ ಕಿಡಿಯೊ ಎಂದ, ಮಗಳಂದಿರು ಕೊಕ್ಕಿಸಾಂ ಎಂದರು, ನಾನು ನೆವ್ರಿ ಎಂದೆ. ಗುಳಿಯೊವನ್ನು ಇಷ್ಟು ವರ್ಷ ಯಾರೂ ಇಷ್ಟಪಟ್ಟು ತಿನ್ನುತ್ತಿರಲಿಲ್ಲವೆಂಬ ಸತ್ಯ ಅಂದು ಬಯಲಾಯಿತು. ಮೂರು ಉಳಿದವು. "ನಿನಗ ಯಾವುದು ಬೇಕು?" ಎಂದು ಕಿರಿಯ ಮಗಳು ತಾಯಿಯನ್ನು ಕೇಳಿದಳು. ಇವಳು ಬಹಳ ಹೊತ್ತು ಯೋಚಿಸಿ, "ನನಗ ಮಧ್ಯರಾತ್ರಿ ಪೂಜೆ ಬೇಕು" ಎಂದಳು. ಕೇಕನ್ನು ಅಂಗಡಿಯಿಂದ ತರುವುದೆಂದು ಠರಾವಾಯಿತು. 23ರ ಸಂಜೆ ಎಂಟಕ್ಕೆ ಒಲೆ ಆರಬೇಕು, ಆರದೆ ಉಳಿದ ತಿಂಡಿ 26ಕ್ಕೆ. 24 ಪಾಪನಿವೇದನೆಗೆ ಮತ್ತು ನಿದ್ದೆಗೆ. ಪಾಪನಿವೇದನೆಯಲ್ಲಿ ನಾನು ಆ ಜ್ವರದ ಸುಳ್ಳನ್ನೂ ಹೇಳಿದೆ.

ನೆಂಟರಿಷ್ಟರಲ್ಲಿ ಕೆಲವರು ಈ ಸಲ ತಾಟು ಹಗುರಾಯಿತೆಂದು ಅಂದರು. ಅಂದುಕೊಳ್ಳಲಿ. 2020ರ ಕೊರೊನಾ ವರ್ಷವನ್ನು ನೆನಪಿಸಿಕೊಳ್ಳಿರಿ: ಸರ್ಕಾರ ರಾತ್ರಿ ಕರ್ಫ್ಯೂ ಸಾರಿ, ಜಾರಿಗೆ ಬರುವ ಮೊದಲೇ 24ರಂದು ಹಿಂತೆಗೆದುಕೊಂಡ ಆ ಗೊಂದಲದ ನಡುವೆಯೂ, ನೆಂಟರಿಲ್ಲದೆ, ಗಾಯನವೃಂದಗಳಿಲ್ಲದೆ ಹಬ್ಬ ಆಗಿಯೇ ಆಯಿತು. ಅಂದು ಅನಿವಾರ್ಯದಿಂದ ಕಲಿತದ್ದನ್ನು ಮರುವರ್ಷವೇ ಮರೆತೆವು.

ನೆವ್ರಿ ಈಗ ನನ್ನ ಪಾಲಿನ ಕೆಲಸ. ಲಟ್ಟಿಸಿದ ಹಾಳೆಯಲ್ಲಿ ಕೊಬ್ಬರಿ, ಸಕ್ಕರೆ, ಎಳ್ಳಿನ ಹೂರಣ ತುಂಬಿ, ಅಂಚಿಗೆ ಹಾಲು ಸವರಿ ಒತ್ತಿ, ಗಾಲಿಯಿಂದ ಕತ್ತರಿಸಬೇಕು. ಹೂರಣ ಹೆಚ್ಚಾದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ, ಬಾಣಲೆಯೆಲ್ಲ ಕಪ್ಪಾಗುತ್ತದೆ. ಮೊದಲ ವರ್ಷ ನಾನು ಮಾಡಿದವುಗಳಲ್ಲಿ ಅರ್ಧದಷ್ಟು ಬಾಯಿ ಬಿಟ್ಟವು. ಒಲೆಯ ಮುಂದೆ ಒಂದೂವರೆ ತಾಸು ನಿಂತದ್ದಕ್ಕೆ ಸೊಂಟ ಹಿಡಿದುಕೊಂಡಿತು. ಇಪ್ಪತ್ತೇಳು ವರ್ಷಗಳ ಲೆಕ್ಕ ಆಗ ತಾನಾಗಿಯೇ ತಲೆಯಲ್ಲಿ ಓಡಿತು. ಪಕ್ಕದ ಮನೆಗೆ ತಾಟು ಒಯ್ದಾಗ ಆ ತಾಯಿ ಮೇಲಿನ ಬಟ್ಟೆ ಸರಿಸಿ ನೋಡಿ, "ಇವು ಸರ್ ಮಾಡಿದ್ದೇನ್ರಿ ಅಕ್ಕಾರ?" ಎಂದು ಕೇಳಿದರಂತೆ. ಹೌದೆಂದಾಗ, ಒಡೆದವುಗಳನ್ನೇ ಆರಿಸಿ ಮೊಮ್ಮಕ್ಕಳಿಗೆ ಕೊಟ್ಟರಂತೆ. ಈ ವರ್ಷದ ಕೊಬ್ಬರಿಯನ್ನು ನಾನು ನಿನ್ನೆಯೇ ಜನತಾ ಬಜಾರಿನಿಂದ ತಂದಿಟ್ಟಿದ್ದೇನೆ.